ನೆನೆದ ಭತ್ತ, ಬೈಸಿಕೊಂಡ ಹುಡುಗ

ಪ್ರಶ್ನೆ: ಸರ್, ದಾವಣಗೆರೆಯಲ್ಲಿ ನಮ್ಮದು ಮಂಡಕ್ಕಿ ಭಟ್ಟಿ. ಒಂಬತ್ತು ಜನ ಕೆಲಸಕ್ಕಿದ್ದಾರೆ. ಭರಣಿ ಮಳೆ ದಿಢೀರ್ ಅಂತ ಬಂದು ಅಂಗಳದಲ್ಲಿ ಒಣಹಾಕಿದ್ದ ಭತ್ತವೆಲ್ಲ ನೆನೆಯಿತು. ತಾಡಪಾಲು ಹೊದಿಸಲು ತಡ ಮಾಡಿದ ಅಂತ ಒಬ್ಬ ಹುಡುಗನಿಗೆ ಎಲ್ಲರೆದುರು ಬೈದು ಮೂರು ದಿನದ ಕೂಲಿ ಹಿಡಿದೆ. ಇಪ್ಪತ್ತು ವರ್ಷದಿಂದ ನಮ್ಮಲ್ಲಿ ಹುರಿಯುತ್ತಿದ್ದ ಹಿರಿಯರೊಬ್ಬರು ಮಾರನೇ ದಿನದಿಂದ ಬರುತ್ತಿಲ್ಲ. ಈಗ ಮೊಬೈಲಲ್ಲಿ ಸ್ಟೋಯಿಕ್ ಅನ್ನುವ ಹಳೆಯ ಗ್ರೀಕ್ ತತ್ವದ ವಿಡಿಯೋ ನೋಡುತ್ತಿದ್ದೇನೆ. ಕಲ್ಲಿನ ಥರ ಇರಬೇಕು, ಏನೂ ಅನಿಸಬಾರದು ಅನ್ನುತ್ತಾರೆ. ಮಾಲೀಕ ಹಾಗೆ ಸುಮ್ನೆ ಕೂತರೆ ಕೆಲಸ ನಡೆಯುತ್ತದಾ?

ಉತ್ತರ: ಮೊದಲು ಆ ಕಲ್ಲಿನ ಮಾತು ಬಿಟ್ಟುಬಿಡಿ. ಏನಾದರೂ ಅನಾಹುತ ಆದಾಗ ಎದೆ ಧಸಕ್ ಅನ್ನುವುದು, ಮುಖದ ಬಣ್ಣ ಬದಲಾಗುವುದು ಜ್ಞಾನಿಗೂ ತಪ್ಪಿದ್ದಲ್ಲ ಅಂತ ಸ್ಟೋಯಿಕರೇ ಒಪ್ಪಿದ್ದಾರೆ. ಅವರು ಕೇಳುವುದು ಅದರ ಮುಂದಿನದನ್ನು. ಧಸಕ್ ಅಂದ ಮೇಲೆ ಬಾಯಿಂದ ಏನು ಬಂತು, ಕೈ ಏನು ಮಾಡಿತು?

ಇದು ಪೇಟೆಯಲ್ಲೇ ಹುಟ್ಟಿದ ತತ್ವ. ಕ್ರಿಸ್ತಪೂರ್ವ 300ರ ಸುಮಾರಿಗೆ ಇದನ್ನು ಶುರು ಮಾಡಿದ ಝೀನೋ ವ್ಯಾಪಾರಿಯಾಗಿದ್ದ, ಸರಕಿನ ಹಡಗು ಮುಳುಗಿ ಅಥೆನ್ಸ್ ಸೇರಿದ ಅಂತ ಹಳೆಯ ಕಥೆ ಇದೆ. ಅಲ್ಲಿನ ಪೇಟೆ ಪಕ್ಕದ ಕಂಬಸಾಲಿನ ಜಗುಲಿಯಲ್ಲಿ ಪಾಠ ಮಾಡುತ್ತಿದ್ದ. ಗ್ರೀಕಿನಲ್ಲಿ ಅದಕ್ಕೆ ಸ್ಟೋವಾ ಅನ್ನುತ್ತಾರೆ, ಹೆಸರು ಬಂದದ್ದು ಅಲ್ಲಿಂದ.

ಕೆಲವು ನಮ್ಮ ಕೈಯಲ್ಲಿವೆ, ಕೆಲವು ಇಲ್ಲ ಅಂತ ಸ್ಟೋಯಿಕ್ ಗುರು ಎಪಿಕ್ಟೆಟಸ್ ಹೇಳಿದ್ದನ್ನು ನೀವೂ ಕೇಳಿರುತ್ತೀರಿ. ಅವನು ಗುಲಾಮನಾಗಿ ಹುಟ್ಟಿದವನು, ಆ ಮಾತನ್ನು ಬದುಕಿ ಕಲಿತವನು. ಅದನ್ನು ನಿಮ್ಮ ಅಂಗಳಕ್ಕೆ ತಂದು ನೋಡೋಣ. ಮಳೆ ನಿಮ್ಮ ಕೈಯಲ್ಲಿಲ್ಲ. ಭತ್ತದ ರೇಟೂ ಇಲ್ಲ. ಸರಿ, ತಾಡಪಾಲು? ಅದು ಎಲ್ಲಿತ್ತು, ಹರಿದಿತ್ತಾ, ಇಡೀ ಅಂಗಳಕ್ಕೆ ಸಾಲುವಷ್ಟಿತ್ತಾ, ಮೋಡ ಕವಿದರೆ ಯಾರ್ಯಾರು ಕೈಯಲ್ಲಿದ್ದ ಕೆಲಸ ಬಿಟ್ಟು ಓಡಬೇಕು ಅಂತ ಮೊದಲೇ ಹೇಳಿಟ್ಟಿದ್ದಿರಾ? ಇಡೀ ಅಂಗಳದ ಭತ್ತ ಒಬ್ಬ ಹುಡುಗನ ಓಟದ ಮೇಲೆ ನಿಂತಿತ್ತು ಅಂದರೆ, ಹಾಗೆ ನಿಲ್ಲಿಸಿದ್ದು ಮಾಲೀಕರೇ ಅಲ್ವಾ? ನಿಮ್ಮನ್ನು ನೋಯಿಸಲು ಹೇಳುತ್ತಿಲ್ಲ. ನಾವು ಮಾಡದೆ ಬಿಟ್ಟ ಕೆಲಸ ಎದುರಿಗೆ ಬಂದು ನಿಂತಾಗಲೇ ಸಿಟ್ಟು ಜಾಸ್ತಿ, ಅದು ಸಿಕ್ಕವರ ಮೇಲೆ ಹೋಗುತ್ತದೆ.

ನಾನು ಹಿಂದೆ ಒಂದು ಕಾರ್ಖಾನೆಯಲ್ಲಿ ಪಾಳಿ ನೋಡಿಕೊಳ್ಳುತ್ತಿದ್ದೆ. ಕೂಗಾಡಿದರೆ ಕೆಲಸ ಆಗುತ್ತದೆ ಅಂತಲೇ ನಂಬಿದ್ದೆ. ಒಂದು ದಿನ ಮೋಟಾರು ಸುಟ್ಟಿತು. ನಾಲ್ಕು ದಿನದಿಂದ ಅದು ವಿಪರೀತ ಬಿಸಿಯಾಗುತ್ತಿದ್ದದ್ದು ಮೂವರಿಗೆ ಗೊತ್ತಿತ್ತು, ನನಗೆ ಹೇಳುವ ಧೈರ್ಯ ಒಬ್ಬರಿಗೂ ಬಂದಿರಲಿಲ್ಲ. ನನ್ನ ಬೈಗುಳದಿಂದ ತಪ್ಪುಗಳು ನಿಂತಿರಲಿಲ್ಲ, ಅವು ನನ್ನ ಕಿವಿಗೆ ಬೀಳುವುದು ನಿಂತಿತ್ತು. ಭಟ್ಟಿಯಲ್ಲೂ ಹೀಗಾದರೆ ಬೆಂಕಿಯ ಪಕ್ಕದಲ್ಲಿರುವ ಕೆಲಸ, ನಷ್ಟ ಭತ್ತಕ್ಕೇ ನಿಲ್ಲುವುದಿಲ್ಲ.

ಬಿಗಿಯಾಗಿರಿ, ತಪ್ಪಿಲ್ಲ. ಆದರೆ ಸಿಟ್ಟಿಗೆ ದೊಡ್ಡ ಮದ್ದು ತಡ ಮಾಡುವುದು ಅಂತ ರೋಮಿನ ಸ್ಟೋಯಿಕ್ ಚಿಂತಕ ಸೆನೆಕಾ ಹೇಳಿದ್ದನ್ನು ಭಟ್ಟಿಯ ನಿಯಮವಾಗಿ ಮಾಡಿಕೊಳ್ಳಿ. ನಷ್ಟವಾದ ದಿನ ಕೂಲಿಯ ಮಾತು ಎತ್ತಬೇಡಿ. ಒಂದು ರಾತ್ರಿ ಕಳೆಯಲಿ, ಬೆಳಿಗ್ಗೆ ಆ ಮನುಷ್ಯನನ್ನು ಒಬ್ಬನೇ ಕರೆದು ಏನಾಯ್ತು ಅಂತ ಕೇಳಿ, ಪೂರ್ತಿ ಹೇಳುವ ತನಕ ಮಧ್ಯೆ ಬಾಯಿ ಹಾಕಬೇಡಿ.

ಇನ್ನೊಂದು ಮಾತನ್ನು ಒತ್ತಿ ಹೇಳುತ್ತೇನೆ. ಈ ತತ್ವ ನಿಮಗೆ ನೀವು ಹೇಳಿಕೊಳ್ಳಲು ಇರುವುದು. 'ಸಹಿಸಿಕೊಳ್ರಪ್ಪ, ಎಲ್ಲ ನಮ್ಮ ಕೈಯಲ್ಲಿರುತ್ತಾ' ಅಂತ ಕೆಲಸದವರಿಗೆ ಬೋಧಿಸಿ ಕೂಲಿ ತಡ ಮಾಡುವ ಮಾಲೀಕರನ್ನು ನೋಡಿದ್ದೇನೆ, ಅದು ಶುದ್ಧ ಅನ್ಯಾಯ. ಕ್ರಿಸ್ತಶಕ 161ರಿಂದ 180ರವರೆಗೆ ರೋಮ್ ಆಳಿದ ಚಕ್ರವರ್ತಿ ಮಾರ್ಕಸ್ ಅರೇಲಿಯಸ್ ಕೂಡ ಸ್ಟೋಯಿಕ್. ಅವನ ಕಾಲದಲ್ಲಿ ಸಾಂಕ್ರಾಮಿಕ ರೋಗವೂ ಇತ್ತು, ಗಡಿಯಲ್ಲಿ ಯುದ್ಧವೂ ಇತ್ತು, ಖಜಾನೆ ಬರಿದಾಗಿತ್ತು. ಆಗ ಪ್ರಾಂತ್ಯದ ಜನರ ಮೇಲೆ ಹೊಸ ತೆರಿಗೆ ಹಾಕದೆ ಅರಮನೆಯ ಚಿನ್ನದ ಪಾತ್ರೆ, ರೇಷ್ಮೆ ಬಟ್ಟೆಗಳನ್ನು ಹರಾಜಿಗಿಟ್ಟ ಅಂತ ಪ್ರಾಚೀನ ಚರಿತ್ರೆಯೊಂದು ಹೇಳುತ್ತದೆ. ಮಳೆಯ ನಷ್ಟವನ್ನು ದಿನಗೂಲಿ ಹುಡುಗನ ಲೆಕ್ಕಕ್ಕೆ ಬರೆಯುವ ಮೊದಲು ಇದನ್ನು ಯೋಚಿಸಿ.

ಹಿಡಿದ ಮೂರು ದಿನದ ಕೂಲಿಯನ್ನು ಈ ವಾರದ ಬಟವಾಡೆಯಲ್ಲೇ ಕೊಟ್ಟುಬಿಡಿ. ಎಲ್ಲರೆದುರು ಬೈದಿದ್ದೀರಿ, ಎಲ್ಲರೆದುರೇ ಕೊಡಿ. ಆಮೇಲೆ ಆ ಹಿರಿಯರ ಮನೆಗೆ ನೀವೇ ಹೋಗಿ, ಯಾರನ್ನೂ ಕಳಿಸಬೇಡಿ. ಕೆಲಸಕ್ಕೆ ಬನ್ನಿ ಅಂತ ಶುರು ಮಾಡಬೇಡಿ, ನನ್ನದು ತಪ್ಪಾಯ್ತು ಅಂತ ಶುರು ಮಾಡಿ. ಬರುವುದು ಬಿಡುವುದು ಅವರಿಗೆ ಸೇರಿದ್ದು. ರೋಹಿಣಿ ಮಳೆ ಹತ್ತಿರ ಬಂತು, ಅಷ್ಟರೊಳಗೆ ಅಂಗಳ ಅಳೆದು ತಾಡಪಾಲು ತಂದಿಟ್ಟುಕೊಳ್ಳಿ.