ಹೊಸ ಪ್ಲೇಟು, ಹಳೇ ಚಟಪಟ

ಪ್ರಶ್ನೆ: ಇಂಗ್ಲೆಂಡಿನ ರಾಕ್ ತಂಡ ಪಿಂಕ್ ಫ್ಲಾಯ್ಡ್‌ನ ‘ದ ಡಾರ್ಕ್ ಸೈಡ್ ಆಫ್ ದ ಮೂನ್’ ರೆಕಾರ್ಡು ಅಪ್ಪನ ಕಾಲದ್ದು ಮನೆಯಲ್ಲಿದೆ. ಈಚೆಗೆ ಅದರ 2016ರ ಮರುಮುದ್ರಣವನ್ನೂ ಕೊಂಡೆ. ಶುರುವಿನಲ್ಲೇ ಚಟಪಟ ಸದ್ದು. ಎರಡನೇ ಬದಿಯ ಕೊನೆಯ ಹಾಡುಗಳು ಕರಕರ ಅನ್ನುತ್ತವೆ. ಒಟ್ಟಾರೆ ಹಳೇದರ ಮುಂದೆ ಸಪ್ಪೆ. ಡಿಜಿಟಲ್ ಪ್ರತಿಯಿಂದ ಅಚ್ಚು ಹಾಕಿ ಟೋಪಿ ಹಾಕಿದ್ದಾರಾ? ವಾಪಸ್ ಕೊಡಲಾ?
– ಓದುಗರೊಬ್ಬರು, ಡೊಂಬಿವಲಿ

ಉತ್ತರ: ಮೂರು ದೂರು ಹೇಳಿ ಒಬ್ಬನನ್ನೇ ಹಿಡಿದಿದ್ದೀರಿ. ಮಾಸ್ಟರಿಂಗ್ (ಅಚ್ಚಿಗೆ ಹೋಗುವ ಮುಂಚೆ ಸದ್ದನ್ನು ಹದಗೊಳಿಸುವ ಕೆಲಸ) ಮಾಡುವವರು ಬೇರೆ, ಕಾರ್ಖಾನೆಯಲ್ಲಿ ಪ್ಲೇಟು ಒತ್ತುವವರು ಬೇರೆ, ಮನೆಯಲ್ಲಿ ಸೂಜಿ ಇಡುವವರು ನೀವು. ಯಾರ ತಪ್ಪು ಅಂತ ಮೊದಲು ನೋಡೋಣ.

ಚಟಪಟದಿಂದ ಶುರು ಮಾಡಿ. ಈ ಆಲ್ಬಂ ಆರಂಭವಾಗುವುದೇ ಎದೆಬಡಿತದಿಂದ, ಅದೂ ತೀರಾ ಮೆಲ್ಲಗೆ. ಬೇರೆ ರೆಕಾರ್ಡಿನಲ್ಲಿ ಡ್ರಮ್ಮಿನ ಅಡಿಯಲ್ಲಿ ಮುಚ್ಚಿಹೋಗುವ ಸದ್ದೆಲ್ಲ ಇಲ್ಲಿ ಬೆತ್ತಲೆ. ಗಡಿಯಾರ ಹಿಡಿದು ಕೂತುಕೊಳ್ಳಿ. ಪ್ಲೇಟು ನಿಮಿಷಕ್ಕೆ 33 1/3 ಸುತ್ತು ತಿರುಗುತ್ತದೆ, ಅಂದರೆ ಸುತ್ತಿಗೆ 1.8 ಸೆಕೆಂಡ್. ಟಕ್, ಟಕ್ ಅಂತ ಆ ಅಂತರಕ್ಕೇ ಬಂದರೆ ಅದು ಗೀರು, ಇಲ್ಲವೇ ಒತ್ತುವಾಗ ಆದ ದೋಷ. ತೊಳೆದರೂ ಹೋಗುವುದಿಲ್ಲ. ಫೋನಿನಲ್ಲಿ ವಿಡಿಯೊ ಮಾಡಿ ಅಂಗಡಿಯವರಿಗೆ ತೋರಿಸಿ, ಬದಲಿ ಕೇಳಿ. ಲೆಕ್ಕವಿಲ್ಲದೆ ಅಲ್ಲಲ್ಲಿ ಸಿಡಿದರೆ ಧೂಳು, ಇಲ್ಲವೇ ಸ್ಟ್ಯಾಟಿಕ್ (ಪ್ಲೇಟಿನ ಮೇಲೆ ಕೂತ ಸ್ಥಿರ ವಿದ್ಯುತ್). ಹೊಸ ಪ್ಲೇಟಿನಲ್ಲೂ ಕಾಗದದ ಕವರಿನ ಪುಡಿ ಅಂಟಿರುತ್ತದೆ. ಒಮ್ಮೆ ತೊಳೆದು ನೋಡಿ, ಆಮೇಲೆ ಜಗಳ.

ಇನ್ನು ಕೊನೆಯ ಹಾಡುಗಳ ಕರಕರ. ಇಲ್ಲಿ ನನ್ನ ಅನುಮಾನ ನಿಮ್ಮ ಪ್ಲೇಯರಿನ ಮೇಲೇ. ಪ್ಲೇಟಿನ ಅಂಚಿನಲ್ಲಿ ಸೂಜಿಯ ಕೆಳಗೆ ಸೆಕೆಂಡಿಗೆ ಸುಮಾರು 50 ಸೆಂಟಿಮೀಟರ್ ಗೆರೆ ಸಾಗಿದರೆ, ನಡುವಿನ ಲೇಬಲ್ ಹತ್ತಿರ ಬರುವಾಗ 20ರ ಆಸುಪಾಸು. ಅಷ್ಟೇ ಸಂಗೀತವನ್ನು ಅರ್ಧಕ್ಕಿಂತ ಕಡಿಮೆ ಜಾಗದಲ್ಲಿ ಇಕ್ಕಟ್ಟಾಗಿ ಕೊರೆದಿರುತ್ತಾರೆ. ಈ ಆಲ್ಬಮ್ಮಿನ ಎರಡನೇ ಬದಿ 23 ನಿಮಿಷ ದಾಟುತ್ತದೆ. ಸಾಲದ್ದಕ್ಕೆ ಕೋರಸ್ಸು, ಆರ್ಗನ್ನು, ಡ್ರಮ್ಮು ಎಲ್ಲ ಒಟ್ಟಿಗೆ ಏರುವ ‘ಎಕ್ಲಿಪ್ಸ್’ ಬರುವುದು ಕಟ್ಟಕಡೆಗೆ. ಸೂಜಿ ಚೂರು ಓರೆಯಾಗಿದ್ದರೂ ಅಲ್ಲೇ ಬಣ್ಣ ಬಯಲು. ಅಪ್ಪನ ಪ್ಲೇಟಿನಲ್ಲೂ ಅದೇ ಹಾಡು ಹಾಕಿ ಕೇಳಿ. ಅಲ್ಲೂ ಕರಕರ ಅಂದರೆ ಮರುಮುದ್ರಣವನ್ನು ಬಯ್ಯಬೇಡಿ.

ಭಾರ ಕಡಿಮೆ ಇಟ್ಟರೆ ಪ್ಲೇಟು ಸವೆಯಲ್ಲ ಅಂತ ಬಹಳ ಜನ ಸೂಜಿಯನ್ನು ಹಗುರ ಮಾಡುತ್ತಾರೆ. ಆಗುವುದು ಉಲ್ಟಾ. ಸೂಜಿ ಗೋಡೆಯಿಂದ ಗೋಡೆಗೆ ಹಾರಿ ಗೆರೆಯನ್ನೇ ಹಾಳು ಮಾಡುತ್ತದೆ. ಕಾರ್ಟ್ರಿಜ್ (ಸೂಜಿ ಕೂರುವ ಪುಟ್ಟ ಡಬ್ಬಿ) ಜೊತೆ ಬಂದ ಚೀಟಿಯಲ್ಲಿ ಎಷ್ಟು ಗ್ರಾಂ ಅಂತ ಇರುತ್ತದೆ, ತುಂಬಾ ಮಾಡೆಲ್ಲುಗಳಿಗೆ 2 ಗ್ರಾಂ ಹತ್ತಿರ. ಅದನ್ನು ತೂಗುವ ಪುಟ್ಟ ತಕ್ಕಡಿ ಮುಂಬೈಯ ಎಲೆಕ್ಟ್ರಾನಿಕ್ಸ್ ಪೇಟೆ ಲ್ಯಾಮಿಂಗ್ಟನ್ ರೋಡ್ ಕಡೆ ಹೋದಾಗ ವಿಚಾರಿಸಿ. ಮನೆ ರೈಲು ಹಳಿ ಪಕ್ಕದಲ್ಲಿದ್ದರೆ ಪ್ಲೇಯರನ್ನು ಗೋಡೆಗೆ ಬಿಗಿದ ಹಲಗೆಯ ಮೇಲೆ ಇಡಿ. ಇಲ್ಲದಿದ್ದರೆ ಕಸಾರಾ ಫಾಸ್ಟ್ ಲೋಕಲ್ಲೂ ವಾದ್ಯವೃಂದಕ್ಕೆ ಸೇರಿಕೊಳ್ಳುತ್ತದೆ.

ಸಪ್ಪೆ ಅನ್ನುವ ಮಾತಿಗೆ ನಾನು ಸುಲಭಕ್ಕೆ ಒಪ್ಪುವವನಲ್ಲ. ಎರಡು ಪ್ಲೇಟಿನ ಸದ್ದಿನ ಮಟ್ಟ ಒಂದೇ ಇರುವುದಿಲ್ಲ. ಕೊಂಚ ಜೋರಾಗಿರುವುದೇ ಚೆನ್ನಾಗಿದೆ ಅಂತ ಕಿವಿ ತೀರ್ಪು ಕೊಟ್ಟುಬಿಡುತ್ತದೆ. ವಾಲ್ಯೂಮ್ ಸರಿಸಮ ಮಾಡಿ ಮತ್ತೆ ಕೇಳಿ. 1973ರ ಆ ಆಲ್ಬಮ್ಮನ್ನು ಲಂಡನ್ನಿನ ಆ್ಯಬೀ ರೋಡ್ ಸ್ಟುಡಿಯೊದಲ್ಲಿ ರೆಕಾರ್ಡ್ ಮಾಡಿದವರು ಎಂಜಿನಿಯರ್ ಅಲನ್ ಪಾರ್ಸನ್ಸ್. 2016ರ ಪ್ಲೇಟನ್ನು ಜೇಮ್ಸ್ ಗತ್ರೀ, ಜೋಯೆಲ್ ಪ್ಲಾಂಟ್, ಬರ್ನಿ ಗ್ರಂಡ್‌ಮನ್ ಮೂಲ ಟೇಪಿನಿಂದಲೇ ಮಾಸ್ಟರ್ ಮಾಡಿದರು. ಟೋಪಿ ಗೀಪಿ ಏನಿಲ್ಲ.

ಡಿಜಿಟಲ್ ಅಂದ ಕೂಡಲೇ ಮೂಗು ಮುರಿಯುವುದನ್ನೂ ಬಿಡಿ. ನಾನು ದಾದರಿನ ಸ್ಟುಡಿಯೊದಲ್ಲಿ ಟೇಪು ಸುತ್ತಿಯೇ ಹೊಟ್ಟೆ ಹೊರೆದವನು, ಟೇಪಿನ ಮೇಲೆ ಪ್ರೀತಿ ಇಲ್ಲ ಅಂತಲ್ಲ. ಆದರೆ ಅಮೆರಿಕದ ಮೊಬೈಲ್ ಫಿಡೆಲಿಟಿ ಕಂಪನಿಯ ಕತೆ ಗೊತ್ತಲ್ವಾ? ಅವರ ದುಬಾರಿ ಪ್ಲೇಟುಗಳೆಲ್ಲ ಅಪ್ಪಟ ಅನಲಾಗ್ (ಡಿಜಿಟಲ್ ಸೋಕದೆ ಟೇಪಿನಿಂದಲೇ ಮಾಡಿದ್ದು) ಅಂತಲೇ ಜನ ನಂಬಿದ್ದರು. ಎಷ್ಟೋ ಪ್ಲೇಟುಗಳ ತಯಾರಿಯಲ್ಲಿ ನಡುವೆ ಒಂದು ಡಿಜಿಟಲ್ ಹಂತ ಇದೆ ಅಂತ 2022ರಲ್ಲಿ ಹೊರಬಿತ್ತು. ಮುಚ್ಚಿಟ್ಟದ್ದು ತಪ್ಪೇ. ಆದರೆ ಅಲ್ಲಿಯವರೆಗೆ ಹಾಡಿ ಹೊಗಳಿದ ಕಿವಿಗಳಿಗೆ ಅದು ಗೊತ್ತೇ ಆಗಿರಲಿಲ್ಲ!

ಪ್ರಶ್ನೆ: 180 ಗ್ರಾಂ ತೂಕದ ದಪ್ಪ ಪ್ಲೇಟಿಗೆ ಜಾಸ್ತಿ ದುಡ್ಡು ಕೊಡಬಹುದಾ?
– ಓದುಗರೊಬ್ಬರು, ಕೊಥ್ರೂಡ್, ಪುಣೆ

ಉತ್ತರ: ದಪ್ಪ ಪ್ಲೇಟು ಸುಲಭಕ್ಕೆ ಬಾಗುವುದಿಲ್ಲ, ಕೈಗೆ ಗಟ್ಟಿಯಾಗಿ ಸಿಗುತ್ತದೆ. ಸದ್ದಿಗೆ ಅದರಿಂದ ಲಾಭ ಇಲ್ಲ, ಗೆರೆಯ ಆಳ ಮಾಮೂಲಿ ಪ್ಲೇಟಿನಲ್ಲೂ ಇದರಲ್ಲೂ ಒಂದೇ. ಕವರಿನ ಮೇಲೆ ತೂಕ ಮಾತ್ರ ದಪ್ಪಕ್ಷರದಲ್ಲಿದ್ದು ಮಾಸ್ಟರಿಂಗ್ ಯಾರದ್ದು ಅಂತ ಎಲ್ಲೂ ಇಲ್ಲದಿದ್ದರೆ ನಾನಂತೂ ಕೊಳ್ಳುವುದಿಲ್ಲ.