ಮಿಂಚೇ ಇಲ್ಲದಿದ್ದರೂ ಉಡಾವಣೆ ಯಾಕೆ ನಿಂತಿತು?

ಅಮೆರಿಕದ ಫ್ಲೋರಿಡಾದಲ್ಲಿರುವ ರಾಕೆಟ್ ಉಡಾವಣಾ ತಾಣ ಕೇಪ್ ಕೆನವೆರಲ್‌ನಲ್ಲಿ ಒಂದು ಮಿಂಚೂ ಕಾಣದಿದ್ದರೂ ಮಿಂಚಿನ ಭಯಕ್ಕೆ ಉಡಾವಣೆ ನಿಲ್ಲಿಸಿದ್ದು ಯಾಕೆ ಅಂತ ಕೇಳಿದ್ದೀರಿ. ಬಹುಶಃ ಮೋಡದಲ್ಲಿ ಸೇರಿದ್ದ ವಿದ್ಯುತ್ತೇ ಕಾರಣ. ಮೋಡ ತಾನಾಗಿ ಮಿಂಚದಿದ್ದರೂ ಏರುವ ರಾಕೆಟ್ ಮಿಂಚನ್ನು ಎಳೆದುಕೊಳ್ಳುತ್ತದೆ. ಲೋಹದ ಮೈ, ಹಿಂದೆ ಉದ್ದನೆಯ ಬೆಂಕಿಯ ಬಾಲ, ಎರಡೂ ಸೇರಿ ಆಕಾಶಕ್ಕೆ ತಂತಿ ಕಟ್ಟಿದ ಹಾಗೆ. 1969ರ ನವೆಂಬರ್ 14ರಂದು ಚಂದ್ರನತ್ತ ಹೊರಟಿದ್ದ ಅಪೊಲೊ 12ಕ್ಕೆ ಮೊದಲ ನಿಮಿಷದಲ್ಲೇ ಎರಡು ಸಲ ಮಿಂಚು ಹೊಡೆಯಿತು. ಅದು ಪಾರಾಯಿತು. 1987ರ ಮಾರ್ಚ್‌ನಲ್ಲಿ ಅಟ್ಲಾಸ್-ಸೆಂಟಾರ್ ರಾಕೆಟ್ ಪಾರಾಗಲಿಲ್ಲ. ಮಿಂಚಿಗೆ ಕಂಪ್ಯೂಟರಿನ ಮೆಮೊರಿ ಕೆಟ್ಟು, ರಾಕೆಟ್ ತಿರುಗಿ ಗಾಳಿಯಲ್ಲೇ ಒಡೆಯಿತು. ಅದಕ್ಕೇ ಅಲ್ಲಿ ನೆಲದ ಮೇಲೆ ಫೀಲ್ಡ್ ಮಿಲ್‌ಗಳನ್ನು ಇಟ್ಟಿದ್ದಾರೆ. ಫ್ಯಾನಿನ ಹಾಗೆ ತಿರುಗುವ ಲೋಹದ ರೆಕ್ಕೆಗಳು ಮೇಲಿನ ವಿದ್ಯುತ್ತನ್ನು ಅಳೆಯುತ್ತಿರುತ್ತವೆ.

ಮುಂದಿನ ಸಲ ಉಡಾವಣೆ ನೋಡಲು ಹೋಗುವಾಗ ಮೊದಲು ಅಲ್ಲಿನ ಮಿಲಿಟರಿ ಹವಾಮಾನ ತಂಡವಾದ 45ನೇ ವೆದರ್ ಸ್ಕ್ವಾಡ್ರನ್ ಕೊಡುವ ಹಿಂದಿನ ದಿನದ ಮುನ್ಸೂಚನೆ ನೋಡಿ. ಅಲ್ಲಿನ ಶೇಕಡಾ ಅಂಕಿ ಮಳೆಯದ್ದಲ್ಲ, ಉಡಾವಣೆಯ ಹವಾಮಾನ ನಿಯಮ ಮುರಿಯುವ ಸಾಧ್ಯತೆಯದ್ದು. ನಾನೂ ಮೊದಲು ತಪ್ಪಾಗಿ ಓದಿದ್ದೆ. ಆಮೇಲೆ, ಉಡಾವಣೆ ಮುಂದಕ್ಕೆ ಹೋದರೆ ಅಂತ ಇಟ್ಟ ಬದಲಿ ದಿನದ ಅಂಕಿಯನ್ನೂ ನೋಡಿ, ಉಳಿದುಕೊಳ್ಳುವ ರೂಮನ್ನು ಆ ದಿನದವರೆಗೆ ಇಟ್ಟುಕೊಳ್ಳಿ. 2020ರ ಮೇ 27ರಂದು ಗಗನಯಾತ್ರಿಗಳಿದ್ದ ಕ್ರೂ ಡ್ರ್ಯಾಗನ್ ನೌಕೆಯ ಉಡಾವಣೆ ಹವಾಮಾನದಿಂದಾಗಿ ಹಾರಲು ಸುಮಾರು 17 ನಿಮಿಷ ಇರುವಾಗ ನಿಂತು, ಮೇ 30ಕ್ಕೆ ಹಾರಿತು. ಬೇಸಿಗೆಯಲ್ಲಾದರೆ ಬೆಳಗಿನ ಉಡಾವಣೆಯನ್ನೇ ಆರಿಸಿ, ಅಲ್ಲಿ ಗುಡುಗು ಮಧ್ಯಾಹ್ನವೇ ಜಾಸ್ತಿ. ಅಂಕಿ ಕಡಿಮೆ ಇದ್ದರೂ ಹಾರಿಯೇ ತೀರುತ್ತೆ ಅಂತೇನಿಲ್ಲ.

ಗುಡುಗು ಕೇಳಿಸಿದರೆ ಬಯಲಲ್ಲಿ ನಿಲ್ಲಬೇಡಿ, ಕಾರಿನೊಳಗೆ ಹೋಗಿ. ಕೊನೆಯ ಗುಡುಗಿನಿಂದ 30 ನಿಮಿಷ ಕಳೆದ ಮೇಲೆ ಹೊರಗೆ ಬನ್ನಿ.