ಮಂಡಕ್ಕಿ ಭಟ್ಟಿಯ ಸದ್ದು, 16 ಸ್ಟೆಪ್‌ನ ಕಾಟ

ದಾವಣಗೆರೆಯ ಮಂಡಕ್ಕಿ ಭಟ್ಟಿಯಲ್ಲಿ ರೆಕಾರ್ಡ್ ಮಾಡಿದ ಜರಡಿ ಸದ್ದನ್ನು ಸ್ಟೆಪ್ ಸೀಕ್ವೆನ್ಸರ್‌ಗೆ (ಸದ್ದನ್ನು ಸ್ಟೆಪ್ ಎಂಬ ಸಮ ಅಳತೆಯ ಮನೆಗಳಲ್ಲಿಟ್ಟು ಮತ್ತೆ ಮತ್ತೆ ನುಡಿಸುವ ಪ್ಲಗಿನ್, ಅಂದರೆ ಮ್ಯೂಸಿಕ್ ಸಾಫ್ಟ್‌ವೇರ್‌ಗೆ ಸೇರಿಸುವ ಸಲಕರಣೆ) ಹಾಕಿದರೆ ಮೆಷಿನ್ ತರ ಒಂದೇ ಸಮ ಕೇಳುತ್ತದೆ, ಬೇರೆ ಪ್ಲಗಿನ್ ಬೇಕಾ ಅಂತ ಕೇಳಿದ್ದೀರಿ. ಬೇಡ. ಎಲ್ಲ ಟ್ರ್ಯಾಕೂ (ಒಂದೊಂದು ಸದ್ದಿನ ಸಾಲು) 16 ಸ್ಟೆಪ್‌ಗೇ ಮುಗಿದು ಮತ್ತೆ ಒಟ್ಟಿಗೆ ಶುರುವಾಗುತ್ತಿದೆ, ಅದೇ ತೊಂದರೆ.

ಕಿಕ್ (ದಪ್ಪ ಡ್ರಮ್ ಪೆಟ್ಟು) ಟ್ರ್ಯಾಕ್ 16ರಲ್ಲೇ ಇರಲಿ. ಜರಡಿ ಟ್ರ್ಯಾಕ್‌ನ ಉದ್ದ 14 ಮಾಡಿ, 1, 7 ಮತ್ತು 11ನೇ ಸ್ಟೆಪ್‌ನಲ್ಲಿ ಜೋರು ಪೆಟ್ಟು ಇಡಿ. ಎರಡು ಸ್ಟೆಪ್‌ಗೆ ಒಂದು ಎಣಿಕೆ ಹಿಡಿದರೆ ಮೂರು, ಎರಡು, ಎರಡು. ಅಂದರೆ ಏಳು ಎಣಿಕೆಯ ನಮ್ಮ ಮಿಶ್ರ ಚಾಪು ತಾಳವೇ ಅಲ್ವಾ! ಎರಡೂ ಟ್ರ್ಯಾಕ್ ಮತ್ತೆ ಒಟ್ಟಿಗೆ ಶುರುವಾಗಲು 112 ಸ್ಟೆಪ್ ಬೇಕು. 120 ಬಿಪಿಎಂನಲ್ಲಿ (ನಿಮಿಷಕ್ಕೆ 120 ಬೀಟ್, ಬೀಟಿಗೆ 4 ಸ್ಟೆಪ್) ಅದು 14 ಸೆಕೆಂಡ್. ಅಲ್ಲಿಯವರೆಗೆ ಪೆಟ್ಟು ಜಾಗ ಬದಲಿಸುತ್ತಲೇ ಇರುತ್ತದೆ. ಟ್ರ್ಯಾಕ್‌ಗೊಂದು ಉದ್ದ ಕೊಡಲು ಬರದಿದ್ದರೆ ಅದೇ ಪ್ಲಗಿನ್ ಇನ್ನೊಂದು ಸಲ ತೆರೆದು ಅಲ್ಲಿ 14 ಇಡಿ.

ಆ ವೇಗದಲ್ಲಿ ಒಂದು ಸ್ಟೆಪ್ ಬರೀ 125 ಮಿಲಿಸೆಕೆಂಡ್. ಜರಡಿಯ ಸದ್ದು ಅದಕ್ಕಿಂತ ಉದ್ದ, ಹಾಗಾಗಿ ಒಂದರ ಮೇಲೊಂದು ಬಿದ್ದು ಗಲೀಜಾಗುತ್ತದೆ. ಡಿಕೇ (ಸದ್ದು ಕ್ಷೀಣಿಸಲು ಹಿಡಿಯುವ ಸಮಯ) ಕಮ್ಮಿ ಮಾಡಿ. ಸ್ಯಾಂಪಲ್ ಶುರುವಾಗುವ ಜಾಗವನ್ನು ಪ್ರತಿ ಸ್ಟೆಪ್‌ಗೂ ಸ್ವಲ್ಪ ಸ್ವಲ್ಪ ಸರಿಸಿ. ಒಂದೇ ಫೈಲಿನಿಂದ ಹತ್ತಾರು ಬಗೆಯ ಸದ್ದು ಬರುತ್ತದೆ. ಸಣ್ಣ ಪೆಟ್ಟುಗಳಿಗೆ ಪ್ರಾಬಬಿಲಿಟಿ (ಆ ಪೆಟ್ಟು ಪ್ರತಿ ಸುತ್ತಿನಲ್ಲಿ ನುಡಿಯುವ ಸಾಧ್ಯತೆ) ಶೇ. 60ರ ಹತ್ತಿರ ಸಾಕು. ರಿವರ್ಬ್ (ಕೋಣೆಯಲ್ಲಿ ಗುಂಯ್‌ಗುಡುವಂಥ ಎಫೆಕ್ಟ್) ಸುಮ್ನೆ ಸುರಿಯಬೇಡಿ, ಭಟ್ಟಿಯ ಗದ್ದಲವೇ ರೆಕಾರ್ಡಿಂಗ್‌ನಲ್ಲಿ ಇರುತ್ತದೆ.